ರತನ್ ಟಾಟಾ ನೆನಪಿಗೆ, ರಕ್ತ ಕೊಡೋ ನಾಯಿಗಳ ಪಟ್ಟಿ

ಚಿಕ್ಕಪ್ಪ, ನಮಸ್ಕಾರ. ರತನ್ ಟಾಟಾ ತೀರಿಕೊಂಡ ದಿನ, ಅಕ್ಟೋಬರ್ 9ಕ್ಕೆ, ಅವರ ಫೋಟೋ ಇಟ್ಟು, ಚಿಕ್ಕಮಗಳೂರು ಬಸ್ ಸ್ಟ್ಯಾಂಡ್ ನಾಯಿಗಳಿಗೆ ಬಿಸ್ಕತ್ ಹಾಕೋಣ್ವಾ ಅಂತ ಕೇಳಿದ್ರಲ್ಲ, ಅದಕ್ಕೇ ಈ ಮಾತು. ಸ್ವಲ್ಪ ಉದ್ದ ಆಗುತ್ತೆ. ಹಾಕಿ, ಬೇಡ ಅನ್ನಲ್ಲ. ಸಿಹಿ ಬಿಸ್ಕತ್ ಬದಲು ಅನ್ನ, ಮೊಟ್ಟೆ ಹಾಕಿ.

ಆದ್ರೆ ಅವರ ಪ್ರೀತಿ ಬರೀ ತಲೆ ಸವರೋದಾಗಿರ್ಲಿಲ್ಲ. 2018ರಲ್ಲಿ ಟಾಟಾ ಕಂಪನಿಗಳ ಮುಂಬೈ ಮುಖ್ಯ ಕಚೇರಿ ಬಾಂಬೆ ಹೌಸ್ ದುರಸ್ತಿ ಆದಾಗ ಬೀದಿನಾಯಿಗಳಿಗೇ ಒಂದು ಕೋಣೆ ಮಾಡಿಸಿದ್ರು. ತೀರಿಕೊಳ್ಳೋಕೆ ಮೂರ್ನಾಲ್ಕು ತಿಂಗಳ ಮುಂಚೆ, 2024ರ ಜೂನ್‌ನಲ್ಲಿ, ಅವರ ಮುಂಬೈ ಪ್ರಾಣಿ ಆಸ್ಪತ್ರೆಲಿದ್ದ ಏಳು ತಿಂಗಳ ನಾಯಿಗೆ ರಕ್ತ ಬೇಕು ಅಂತ ಇನ್‌ಸ್ಟಾಗ್ರಾಂನಲ್ಲಿ ಜನರನ್ನ ಕೇಳಿದ್ರು. ಉಣುಗು (ಉಣ್ಣೆ ಹುಳ) ಕಚ್ಚಿ ಬರೋ ಜ್ವರದ ಅನುಮಾನ, ರಕ್ತ ತೀರಾ ಇಳಿದಿತ್ತು. ಎಂಥ ನಾಯಿ ರಕ್ತ ಕೊಡಬಹುದು ಅಂತಾನೂ ಬರೆದಿದ್ರು: ವಯಸ್ಸು 1ರಿಂದ 8 ವರ್ಷ, ತೂಕ ಸುಮಾರು 25 ಕೆಜಿ ಅಥವಾ ಮೇಲೆ, ಲಸಿಕೆ, ಜಂತುಹುಳದ ಔಷಧಿ ಆಗಿರಬೇಕು, ದೊಡ್ಡ ಕಾಯಿಲೆ ಬಂದಿರಬಾರದು, ಆರು ತಿಂಗಳಿಂದ ಉಣುಗು, ಚಿಗಟ ಇರಬಾರದು.

ನಮ್ಮ ಕಡೆ ಮಾಡಬೇಕಾದ್ದು ಅಂಥ ರಕ್ತ ಕೊಡೋ ನಾಯಿಗಳ ಪಟ್ಟಿ. ತೋಟದ ನಾಯಿಗಳಿಗೆ ಉಣುಗು ಜ್ವರ ಹೊಸದಲ್ಲ. (ಮಂಗನ ಕಾಯಿಲೆ ಹರಡೋ ಉಣುಗು ಬೇರೆ ಜಾತಿ, ಇದು ಬೇರೆ.) ನಾಯಿ ಊಟ ಬಿಟ್ರೆ ತುಟಿ ಎತ್ತಿ ವಸಡು ನೋಡಿ. ಬಿಳಿಚಿದ್ರೆ, ಮೂಗಲ್ಲಿ ರಕ್ತ ಬಂದ್ರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ಪಿಸಿವಿ, ಅಂದ್ರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ನೂರಕ್ಕೆ 37ರಿಂದ 55 ಇರಬೇಕು, 15ರ ಹತ್ರ ಇಳಿದ್ರೆ ರಕ್ತ ಹಾಕೋ ಮಾತು ಬರುತ್ತೆ. ಜ್ವರ ಅಂತ ಮನೇಲಿರೋ ಪ್ಯಾರಸಿಟಮಾಲ್ ಕೊಡಲೇಬೇಡಿ.

ಹೆಚ್ಚಾಗಿ ಕೆಡೋದು ಮಾತ್ರೆ ವಿಚಾರದಲ್ಲಿ. ಜ್ವರಕ್ಕೆ ಕಾರಣ ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ ಅಂತ ಗೊತ್ತಾದ್ರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಬರೀತಾರೆ, ಕೆಜಿಗೆ ದಿನಕ್ಕೆ 10 ಮಿಲಿಗ್ರಾಂ ಲೆಕ್ಕ, 28 ದಿನ. ಐದನೇ ದಿನ ನಾಯಿ ಬಾಲ ಅಲ್ಲಾಡಿಸ್ತು ಅಂತ ನಿಲ್ಲಿಸಿಬಿಡ್ತಾರೆ, ರೋಗ ಒಳಗೇ ಉಳಿದು ತಿರುಗಿ ಬರುತ್ತೆ. ಬರೀ ಹೊಟ್ಟೆಗೆ ಕೊಟ್ರೆ ವಾಂತಿ, ಹಾಲಲ್ಲಿ ಕೊಟ್ರೆ ಮೈಗೆ ಸರಿಯಾಗಿ ಹತ್ತಲ್ಲ. ಉಣುಗಿಂದಲೇ ಬರೋ ಬೇಬಿಸಿಯಾ ಅನ್ನೋ ಇನ್ನೊಂದು ರೋಗಾಣು ಆಗಿದ್ರೆ ಔಷಧಿನೇ ಬೇರೆ, ಪರೀಕ್ಷೆ ಮಾಡಿಸಿ ಅಂದಿದ್ದು ಅದಕ್ಕೇ.

ಇನ್ನು 25 ಕೆಜಿ ಯಾಕೆ ಅಂದ್ರೆ, ಅಷ್ಟು ತೂಕದ ನಾಯಿ ಮೈಲಿ ಎರಡು ಲೀಟರ್ ಚಿಲ್ಲರೆ ರಕ್ತ ಇರುತ್ತೆ, ಒಂದು ಚೀಲಕ್ಕೆ 450 ಮಿಲಿ ಬೇಕು. ನಮ್ಮ ನಾಟಿ ನಾಯಿಗಳು ಹೆಚ್ಚಿನವು ಆ ತೂಕ ಬರಲ್ಲ. ಹಾಗಾಗಿ ತೋಟದ ಮನೆಗಳ ಲ್ಯಾಬ್ರಡಾರ್ (ಲ್ಯಾಬ್), ಜರ್ಮನ್ ಶೆಫರ್ಡ್ ಥರದ ದೊಡ್ಡ ತಳಿ ನಾಯಿ ಹುಡುಕಬೇಕು. ನಾಯಿ ವಯಸ್ಸು, ತೂಕ, ಕೊನೆ ಲಸಿಕೆ ತಾರೀಖು, ಯಜಮಾನರ ಫೋನ್ ನಂಬರ್, ಇಷ್ಟು ಬರೆದಿಡಿ ಸಾಕು. ಮೊದಲ ಸಲ ರಕ್ತ ಹಾಕೋವಾಗ ಸಾಮಾನ್ಯವಾಗಿ ತೊಂದರೆ ಕಮ್ಮಿ, ಎರಡನೇ ಸಲಕ್ಕೆ ಹೊಂದುತ್ತಾ ಅಂತ ಪರೀಕ್ಷೆ ಆಗಲೇಬೇಕು. ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರ್ಕೊಂಡು ಹೋಗೋದಾದ್ರೆ ಹೊರಡೋ ಮುಂಚೆ ಫೋನ್ ಮಾಡಿ, ರಕ್ತ ಕೊಡೋ ನಾಯಿನೂ ಜೊತೆಗೇ ಹತ್ತಿಸಿಕೊಳ್ಳಿ.

ಚಿಕ್ಕಪ್ಪ, ನಿಮ್ಮ ಲ್ಯಾಬ್ 30 ಕೆಜಿ ಇರಬೇಕಲ್ವಾ? ಮೊದಲ ಹೆಸರು ಅದರದ್ದೇ ಬರೀರಿ. ಅದಕ್ಕೂ ಮುಂಚೆ ಕಿವಿ ಒಳಗೆ, ಬೆರಳ ಸಂದೀಲಿ ಉಣುಗು ಇದೆಯಾ ಅಂತ ಇವತ್ತೇ ನೋಡಿ.