ಕ್ಲಚ್ ಕೇಬಲ್ ಮತ್ತೆ ಮತ್ತೆ ಹಾಳಾಗುತ್ತಿದೆ, ಸೆಲ್ಫ್ ಎಳೆಯುವುದಿಲ್ಲ, ಮೇಲೆ ಏರ್‌ಬ್ಯಾಗ್ ರೀಕಾಲ್ ಮೆಸೇಜ್. ಮೊದಲು ಯಾವುದನ್ನು ಮಾಡಿಸಲಿ?

ಸಾಗರದ_ಸವಾರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನನ್ನದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಕಂಪನಿ ಹೆಸರು ಹಾಕುವುದಿಲ್ಲ, ಸುಮ್ನೆ ಜಗಳ ಬೇಡ. ಓಡಾಟ ಎಲ್ಲಾ ಸಾಗರ, ಹೊಸನಗರ, ಆಗಾಗ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆ. ಮಳೆ, ಕೆಸರು, ತಿರುವು, ಕ್ಲಚ್ಚಿಗೆ ಪುರುಸೊತ್ತೇ ಇಲ್ಲ.

ತೊಂದರೆ ಏನೆಂದರೆ, ಮಳೆಗಾಲಕ್ಕೆ ಮುಂಚೆ ಕ್ಲಚ್ ತುಂಬಾ ಬಿಗಿಯಾಯಿತು ಅಂತ ಹೊಸ ಕೇಬಲ್ ಹಾಕಿಸಿದ್ದೆ. ದೀಪಾವಳಿ ಹೊತ್ತಿಗೆ ಮತ್ತೆ ಅದೇ ಕಥೆ. ಪೆಡಲ್ ಒತ್ತಿದರೆ ಕಲ್ಲು ಒತ್ತಿದ ಹಾಗೆ, ಬಿಟ್ಟರೆ ನಿಧಾನಕ್ಕೆ ಮೇಲೆ ಬರುತ್ತದೆ. ಇದರ ಜೊತೆ ಬೆಳಿಗ್ಗೆ ಸೆಲ್ಫ್ ಹೊಡೆದರೆ ಇಂಜಿನ್ ನಿಧಾನ ತಿರುಗುತ್ತದೆ, ಕೆಲವೊಮ್ಮೆ ಬರೀ ಟಕ್ ಅನ್ನುತ್ತದೆ. ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆ, ಏನೂ ಬದಲಾಗಲಿಲ್ಲ. ರಾತ್ರಿ ಹೆಡ್‌ಲೈಟ್ ಒಮ್ಮೊಮ್ಮೆ ಮಂಕಾಗುತ್ತದೆ.

ಮೆಕ್ಯಾನಿಕ್ ಈಗ ಇಡೀ ಕ್ಲಚ್ ಸೆಟ್ ಬದಲಾಯಿಸಬೇಕು ಅನ್ನುತ್ತಿದ್ದಾರೆ. ಎಲೆಕ್ಟ್ರಿಷಿಯನ್ ಬೇರೆ, ಅವರು ಸೆಲ್ಫ್ ಮೋಟಾರ್ ಬಿಚ್ಚಬೇಕು ಅನ್ನುತ್ತಾರೆ. ಎರಡೂ ಸೇರಿದರೆ ನನ್ನ ಒಂದು ತಿಂಗಳ ದುಡಿಮೆ ಹೋಯಿತು.

ಇನ್ನೊಂದು ವಿಷಯ. ಕಾರಿನ ಮೊದಲ ಓನರ್‌ಗೆ ಏರ್‌ಬ್ಯಾಗ್ ರೀಕಾಲ್ (ದೋಷ ಇರುವ ಭಾಗ ಬದಲಾಯಿಸಲು ಕಂಪನಿಯೇ ಕಾರು ಕರೆಸುವುದು) ಅಂತ ಕಂಪನಿಯಿಂದ ಮೆಸೇಜ್ ಬಂದಿದೆಯಂತೆ, ಅವರು ಅದನ್ನು ನನಗೆ ಕಳಿಸಿದರು. ಶಿವಮೊಗ್ಗದ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ "ಕಾರಿಗೆ ಏಳು ವರ್ಷ ದಾಟಿದೆ ಸರ್, ಕಾನೂನಿನ ಪ್ರಕಾರ ರೀಕಾಲ್ ಬರಲ್ಲ" ಅಂದರು. ಏರ್‌ಬ್ಯಾಗ್ ಲ್ಯಾಂಪ್ ಏನೂ ಉರಿಯುತ್ತಿಲ್ಲ. ಹಾಗಾದರೆ ಸದ್ಯಕ್ಕೆ ಬಿಡಬಹುದು ಅಲ್ವಾ? ದುಡ್ಡು ಇರುವಷ್ಟರಲ್ಲಿ ಮೊದಲು ಯಾವುದಕ್ಕೆ ಹಾಕಲಿ ಹೇಳಿ.

ಟಾಪ್_ಗೇರ್_ತಿಪ್ಪೇಶಿ:

ಗುರು, ಹನ್ನೆರಡು ವರ್ಷದ ಗಾಡಿ, ಘಾಟಿ ಓಡಾಟ. ಕ್ಲಚ್ ಸೆಟ್ ಹಾಕಿಸಿಬಿಡಿ, ಡಿಸ್ಕ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಒಟ್ಟಿಗೆ. ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ಜಾಸ್ತಿ, ಪದೇ ಪದೇ ಇಳಿಸಬೇಡಿ. ಇಲ್ಲವಾದರೆ ಮಾರಿಬಿಡಿ.

ಗ್ರೀಸ್_ಕೈ:

ಸೆಟ್ ಹಾಕಿಸುವ ಮೊದಲು ಒಂದು ನಿಮಿಷ ನಿಲ್ಲಿ ಸರ್. ತಿಪ್ಪೇಶಿ ಹೇಳಿದ್ದು ಕ್ಲಚ್ ಸ್ಲಿಪ್ ಆಗುತ್ತಿದ್ದರೆ ಸರಿ. ನಿಮ್ಮದು ಸ್ಲಿಪ್ ಅಂತ ನೀವು ಎಲ್ಲೂ ಬರೆದಿಲ್ಲ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿಗೆ ಹಾಕಿ, ಗಂಟೆಗೆ 40 ಕಿಲೋಮೀಟರ್ ಆಸುಪಾಸಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಇಂಜಿನ್ ಸದ್ದು, ಆರ್‌ಪಿಎಂ ಮುಳ್ಳು ಮೇಲೆ ಓಡಿ ಕಾರಿನ ವೇಗ ಅಲ್ಲೇ ಉಳಿದರೆ ಡಿಸ್ಕ್ ಸವೆದಿದೆ. ಎರಡೂ ಒಟ್ಟಿಗೆ ಏರಿದರೆ ಡಿಸ್ಕಿಗೆ ಇನ್ನೂ ಆಯಸ್ಸಿದೆ.

ಈಗ ನನಗೆ ಅನುಮಾನ ಬಂದ ಜಾಗ. ಹೊಸ ಕೇಬಲ್ ಕೆಲವೇ ತಿಂಗಳಲ್ಲಿ ಬಿಗಿಯಾಗುವುದು, ಸೆಲ್ಫ್ ಎಳೆಯದಿರುವುದು, ಹೊಸ ಬ್ಯಾಟರಿಯಲ್ಲೂ ಅದೇ ಪಾಡು, ಲೈಟ್ ಮಂಕು. ನೀವು ಇದನ್ನು ಎರಡು ಕಾಯಿಲೆ ಅಂದುಕೊಂಡು ಇಬ್ಬರ ಹತ್ತಿರ ತೋರಿಸುತ್ತಿದ್ದೀರಿ. ಕ್ಲಚ್ಚಿನವನು ವೈರ್ ನೋಡುವುದಿಲ್ಲ, ವೈರಿನವನು ಕ್ಲಚ್ ನೋಡುವುದಿಲ್ಲ. ನನ್ನ ಪ್ರಕಾರ ಇದು ಒಂದೇ ಕಾಯಿಲೆ: ಇಂಜಿನ್ ಅರ್ತಿಂಗ್, ಅಂದರೆ ಇಂಜಿನ್‌ನಿಂದ ಬ್ಯಾಟರಿಗೆ ಕರೆಂಟ್ ವಾಪಸ್ ಹೋಗುವ ವೈರ್, ಹೋಗಿದೆ.

ಹೇಗೆ ಅಂದರೆ, ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಬ್ಯಾಟರಿ ನೆಗೆಟಿವ್‌ನಿಂದ ಅಥವಾ ಬಾಡಿಯಿಂದ ಗೇರ್‌ಬಾಕ್ಸಿಗೆ ಒಂದು ದಪ್ಪ ವೈರ್, ಇಲ್ಲವೇ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಸೆಲ್ಫ್ ಹೊಡೆದಾಗ ಸಣ್ಣ ಪೆಟ್ರೋಲ್ ಕಾರಿನಲ್ಲೂ ನೂರು ಆಂಪಿಯರ್ ದಾಟಿ ಕರೆಂಟ್ ಹರಿಯುತ್ತದೆ, ಅದೆಲ್ಲಾ ಬ್ಯಾಟರಿಗೆ ವಾಪಸ್ ಹೋಗುವ ದಾರಿ ಅದೇ ಪಟ್ಟಿ. ಮಲೆನಾಡಿನ ಕೆಸರು ನೀರಿಗೆ ಅದರ ಬೋಲ್ಟ್ ತುಕ್ಕು ಹಿಡಿದರೆ ಅಥವಾ ಎಳೆಗಳು ಹರಿದರೆ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಗೇರ್‌ಬಾಕ್ಸಿಗೂ ಬಾಡಿಗೂ ಸೇರಿಕೊಂಡಿರುವ ಇನ್ನೊಂದು ಲೋಹದ ವಸ್ತು ಯಾವುದು? ಕ್ಲಚ್ ಕೇಬಲ್! ಗೇರ್ ಕೇಬಲ್ಲೂ ಇರುತ್ತದೆ. ಅಷ್ಟು ಕರೆಂಟಿಗೆ ಮಾಡಿದ ವೈರ್ ಅಲ್ಲ ಅದು. ಪ್ರತಿ ಸಲ ಸೆಲ್ಫ್ ಹೊಡೆದಾಗ ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ಉಕ್ಕಿನ ಎಳೆಗೆ ಅಂಟಿಕೊಳ್ಳುತ್ತದೆ. ಹೊಸ ಕೇಬಲ್ ಹಾಕಿದರೂ ಅದೇ ಗತಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂಡ ಅದೇ ಇಂಜಿನ್ ಮೇಲೆ ಕೂತಿರುವುದರಿಂದ ಚಾರ್ಜಿಂಗ್ ಕೂಡ ಅರೆಬರೆ, ಲೈಟ್ ಮಂಕಾಗುವುದು ಅದಕ್ಕೇ.

ಪರೀಕ್ಷೆ ಸುಲಭ. ಯಾರದ್ದಾದರೂ ಜಂಪರ್ ಕೇಬಲ್ (ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟ್ ಕೊಡುವ ಕೆಂಪು, ಕಪ್ಪು ದಪ್ಪ ವೈರ್ ಜೋಡಿ) ಇಸಿದುಕೊಳ್ಳಿ. ಕಪ್ಪು ವೈರಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿ ಇಂಜಿನ್ ಮೇಲಿನ ಬಣ್ಣ ಇಲ್ಲದ ದಪ್ಪ ಲೋಹಕ್ಕೆ. ಬೆಲ್ಟ್, ಫ್ಯಾನ್ ಹತ್ತಿರ ವೈರ್ ಬಿಡಬೇಡಿ. ಕೆಂಪು ವೈರನ್ನು ಮುಟ್ಟುವುದೇ ಬೇಡ. ಈಗ ಸೆಲ್ಫ್ ಹೊಡೆಯಿರಿ. ಜುಂ ಅಂತ ತಿರುಗಿದರೆ ಕಳ್ಳ ಸಿಕ್ಕಿದ ಹಾಗೆ.

ಮಲ್ಟಿಮೀಟರ್ ಇದ್ದರೆ ಇನ್ನೂ ಖಾತ್ರಿ. 20 ವೋಲ್ಟ್ ಡಿಸಿಗೆ ಇಟ್ಟು ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಗುಬ್ಬಿಗೆ, ಇನ್ನೊಂದು ಇಂಜಿನ್ ಲೋಹಕ್ಕೆ ಹಿಡಿದು ಇನ್ನೊಬ್ಬರ ಕೈಲಿ ಸೆಲ್ಫ್ ಹೊಡೆಸಿ. 0.2, 0.3 ವೋಲ್ಟ್ ತನಕ ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ಅರ್ತಿಂಗ್ ಕೆಟ್ಟಿದೆ. ಹಾಗೇ ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4ರ ಒಳಗೆ ತೋರಿಸಬೇಕು.

ಪಟ್ಟಿಗೆ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿ ಅಷ್ಟೇ. ಬ್ಯಾಟರಿ ನೆಗೆಟಿವ್ ಕಳಚಿ, ಎರಡೂ ಕಡೆ ಬೋಲ್ಟ್ ಕೂರುವ ಜಾಗವನ್ನು ಮರಳು ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿನಿಂದ ವ್ಯಾಸಲಿನ್ ಸವರಿ. ಮೊದಲೇ ಸವರುವವರೂ ಇದ್ದಾರೆ, ಅದು ಬೇಡ. ಅರ್ತಿಂಗ್ ಸರಿಯಾದ ಮೇಲೆ ಕೇಬಲ್ ಬದಲಾಯಿಸಿ, ಉಲ್ಟಾ ಮಾಡಬೇಡಿ.

ಉಡುಪಿ_ಕಡೆಯವ:

ಗ್ರೀಸ್ ಕೈ ಅಣ್ಣ ಹೇಳಿದ್ದು ಸರಿ. ನಾನು ರೀಕಾಲ್ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಲ್ಯಾಂಪ್ ಉರಿಯುತ್ತಿಲ್ಲ ಅಂತ ಬಿಡುವ ಯೋಚನೆ ಸರಿಯಿಲ್ಲ ಮಾರಾಯ್ರೆ.

ಏರ್‌ಬ್ಯಾಗ್ ಲ್ಯಾಂಪ್ ನೋಡುವುದು ಸರ್ಕ್ಯೂಟನ್ನು. ವೈರ್ ಕಡಿದಿದೆಯಾ, ಕನೆಕ್ಟರ್ ಸಡಿಲ ಆಗಿದೆಯಾ, ಸೆನ್ಸರ್ ಕೆಟ್ಟಿದೆಯಾ ಅಂತ. ಒಳಗೆ ಗ್ಯಾಸ್ ಹುಟ್ಟಿಸುವ ರಾಸಾಯನಿಕ ಹೇಗಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಟಕಾಟಾ ಕಂಪನಿಯ ಇನ್‌ಫ್ಲೇಟರ್‌ಗಳ (ಬ್ಯಾಗ್ ಉಬ್ಬಿಸುವ ಗ್ಯಾಸ್ ಡಬ್ಬಿ) ಗಲಾಟೆ ಇದೇ ತರಹದ್ದು. ಅದರೊಳಗೆ ಅಮೋನಿಯಂ ನೈಟ್ರೇಟ್ ಇತ್ತು. ವರ್ಷಾನುಗಟ್ಟಲೆ ಬಿಸಿ ಮತ್ತು ತೇವ ತಿಂದು ಅದು ಕೆಟ್ಟರೆ, ಡಿಕ್ಕಿಯಾದಾಗ ಬ್ಯಾಗ್ ಉಬ್ಬುವ ಬದಲು ಲೋಹದ ಡಬ್ಬಿಯೇ ಒಡೆದು ಚೂರುಗಳು ಮುಖ, ಕುತ್ತಿಗೆಗೆ ಸಿಡಿಯುತ್ತವೆ. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳು ರೀಕಾಲ್ ಆದವು, 2017ರ ಜೂನ್‌ನಲ್ಲಿ ಟಕಾಟಾ ದಿವಾಳಿ ಅರ್ಜಿ ಹಾಕಿತು. ಅಲ್ಲಿ ಫ್ಲಾರಿಡಾದಂತಹ ಬಿಸಿ ಮತ್ತು ತೇವದ ಕಡೆಗೇ ಮೊದಲ ಆದ್ಯತೆ ಕೊಟ್ಟರು. ನಮ್ಮ ಕರಾವಳಿ, ನಿಮ್ಮ ಸಾಗರದ ಹವೆ ನೆನೆಸಿಕೊಳ್ಳಿ. ಭಾರತದಲ್ಲೂ ಹಲವು ಕಂಪನಿಗಳು ಇದಕ್ಕಾಗಿ ಕಾರು ಕರೆಸಿದವು. ಉದಾಹರಣೆಗೆ 2018ರ ಜನವರಿಯಲ್ಲಿ ಹೋಂಡಾದವರು 2013ರಲ್ಲಿ ತಯಾರಾದ 22,834 ಅಕಾರ್ಡ್, ಸಿಟಿ, ಜಾಜ್ ಕಾರುಗಳನ್ನು ಕರೆದಿದ್ದರು. ನಿಮ್ಮ ಕಾರಿನದ್ದು ಇದೇ ಕಾರಣವೋ ಬೇರೆಯೋ ಅನ್ನುವುದು ಆ ಮೆಸೇಜ್‌ನಲ್ಲೇ ಇರುತ್ತದೆ, ಪೂರ್ತಿ ಓದಿ.

ಏಳು ವರ್ಷದ ಮಾತಿಗೆ ಬರುತ್ತೇನೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 110ಎ ಅನ್ನುವ ಸೆಕ್ಷನ್ ಸೇರಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿ. ಸರ್ಕಾರ ಕಂಪನಿಗೆ ರೀಕಾಲ್ ಮಾಡು ಅಂತ ಕಡ್ಡಾಯ ಮಾಡುವುದಕ್ಕೆ ಅಲ್ಲಿ ಏಳು ವರ್ಷದ ಮಿತಿ ಇದೆ, ನಿಜ. ಆದರೆ ನಿಮ್ಮ ವಿಷಯದಲ್ಲಿ ಕಂಪನಿ ತಾನೇ ಕರೆದಿದೆ. ತಾನೇ ಕರೆದ ಮೇಲೆ ಕೌಂಟರಿನಲ್ಲಿ ಕೂತವರು ಆ ಮಿತಿ ತೋರಿಸಿ ಕಳಿಸುವ ಹಾಗಿಲ್ಲ. ಫೋನ್‌ನಲ್ಲಿ ಮಾತಾಡಬೇಡಿ. ಆರ್‌ಸಿಯಲ್ಲಿ 17 ಅಕ್ಷರದ ಚಾಸಿ ನಂಬರ್ ಇರುತ್ತದೆ, ಅದನ್ನು ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ. ನಿಮ್ಮ ಕಾರು ಲಿಸ್ಟಿನಲ್ಲಿ ಬಂದರೆ ಸ್ಕ್ರೀನ್‌ಶಾಟ್ ತೆಗೆದು, ಕಸ್ಟಮರ್ ಕೇರ್‌ಗೆ ಇಮೇಲ್ ಹಾಕಿ. ರೀಕಾಲ್ ಇರುವುದು ಕಾರಿಗೆ, ಓನರ್‌ಗೆ ಅಲ್ಲ. ಎಷ್ಟನೇ ಕೈಗೆ ಬಂದರೂ ಪುಕ್ಕಟೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಅದು ಆಗುವ ತನಕ, ಯಾವ ಕಡೆಯ ಬ್ಯಾಗ್ ಅಂತ ನೋಡಿ. ಪಕ್ಕದ ಸೀಟಿನದ್ದಾದರೆ ಮನೆಯವರನ್ನು ಹಿಂದೆ ಕೂರಿಸಿ. ಡ್ರೈವರ್ ಕಡೆಯದ್ದಾದರೆ ಕಾರು ಓಡಿಸುವುದನ್ನೇ ಕಮ್ಮಿ ಮಾಡಿ.

ಫ್ಯೂಸ್_ಹೋದವ:

ಎರಡು ಮಾತು ಸೇರಿಸುತ್ತೇನೆ. ಅರ್ತಿಂಗ್ ಕೆಲಸಕ್ಕೆ ಕೈ ಹಾಕುವ ಎಲೆಕ್ಟ್ರಿಷಿಯನ್‌ಗೆ ಏರ್‌ಬ್ಯಾಗ್ ರೀಕಾಲ್ ಬಾಕಿ ಇದೆ ಅಂತ ಮೊದಲೇ ಹೇಳಿ. ಸ್ಟೀರಿಂಗ್ ಕೆಳಗೆ ಹಳದಿ ಬಣ್ಣದ ವೈರ್, ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್ ಯಾವುದನ್ನೂ ಅದಕ್ಕೆ ಚುಚ್ಚಬಾರದು, ಆ ಸಣ್ಣ ಕರೆಂಟಿಗೇ ಬ್ಯಾಗ್ ಸಿಡಿಯಬಹುದು. ಡ್ಯಾಶ್‌ಬೋರ್ಡ್ ಕಡೆ ಕೆಲಸ ಇದ್ದರೆ ಬ್ಯಾಟರಿ ಕಳಚಿ ಕೆಲವು ನಿಮಿಷ ಕಾಯಬೇಕು, ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ಇನ್ನೊಂದು, ಅರ್ತಿಂಗ್ ಸರಿ ಮಾಡಿದ ಮೇಲೂ ಬೆಳಿಗ್ಗೆ ಬ್ಯಾಟರಿ ಸೋತಿದ್ದರೆ ರಾತ್ರಿ ಯಾವುದೋ ಕರೆಂಟ್ ಕುಡಿಯುತ್ತಿದೆ. ಸೆಕೆಂಡ್ ಹ್ಯಾಂಡ್ ಕಾರಲ್ವಾ, ಹಳೆಯ ಓನರ್ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ರಿವರ್ಸ್ ಕ್ಯಾಮೆರಾ, ಜೋರು ಹಾರ್ನ್ ಎಲ್ಲಾ ನೋಡಿ. ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟ ಮೇಲೆ 50 ಮಿಲಿ ಆಂಪಿಯರ್‌ಗಿಂತ ಜಾಸ್ತಿ ಎಳೆಯಬಾರದು. ಇಲಿ ಕಡಿದ ವೈರ್ ಇದ್ದರೂ ಆಶ್ಚರ್ಯ ಇಲ್ಲ, ಅಡಿಕೆ ಶೆಡ್ಡಿನಲ್ಲಿ ನಿಲ್ಲಿಸುತ್ತೀರಾ?

ಚಿಕ್ಕಮಗಳೂರು_ಕಾಫಿ:

ನಡುವೆ ನನ್ನದೂ ಒಂದು ಪ್ರಶ್ನೆ. ನನ್ನ ಕಾರಿನಲ್ಲಿ ಕೇಬಲ್ ಇಲ್ಲ, ಎಣ್ಣೆ ಕ್ಲಚ್. ಪೆಡಲ್ ಒಮ್ಮೊಮ್ಮೆ ಕೆಳಗೇ ಉಳಿಯುತ್ತದೆ, ಕಾಲಿನಿಂದ ಎತ್ತಬೇಕು. ಇದೂ ಅರ್ತಿಂಗಾ?

ಗ್ರೀಸ್_ಕೈ:

ಅಲ್ಲ ಕಾಫಿ ಸರ್, ನಿಮ್ಮದು ಬೇರೆ. ಮಾಸ್ಟರ್ ಸಿಲಿಂಡರ್ (ಪೆಡಲ್ ಕಡೆಯದು) ಇಲ್ಲವೇ ಸ್ಲೇವ್ ಸಿಲಿಂಡರ್‌ನ (ಗೇರ್‌ಬಾಕ್ಸ್ ಕಡೆಯದು) ಸೀಲ್ ಹೋಗಿರಬೇಕು, ಅಥವಾ ಲೈನಿನಲ್ಲಿ ಗಾಳಿ ಸೇರಿದೆ. ಪೆಡಲ್ ಬುಡದಲ್ಲಿ ಮ್ಯಾಟ್ ಒದ್ದೆ ಇದೆಯಾ ನೋಡಿ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಎಣ್ಣೆ ಡಬ್ಬಿ ಒಂದೇ. ಮಟ್ಟ ಇಳಿಯುತ್ತಿದ್ದರೆ ಘಾಟಿಗೆ ಹೋಗಬೇಡಿ, ನಾಳೆಯೇ ತೋರಿಸಿ.

ನೀರುಕೋಟೆ:

ವೈರಿಂಗ್, ನೀರು, ರೀಕಾಲ್ ಅಂದಾಗ ನೆನಪಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಮಾರುತಿಯವರು ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಝಾ, ಎಸ್-ಕ್ರಾಸ್, ಎಕ್ಸ್‌ಎಲ್6 ಪೆಟ್ರೋಲ್ ಕಾರುಗಳನ್ನು, ಒಟ್ಟು 1,81,754, ಮೋಟಾರ್ ಜನರೇಟರ್ ಯೂನಿಟ್‌ನಲ್ಲಿ (ಇಂಜಿನ್‌ಗೆ ನೆರವಾಗುತ್ತಾ ಚಾರ್ಜ್ ಕೂಡ ಮಾಡುವ ಮೋಟಾರ್) ದೋಷ ಇರಬಹುದು ಅಂತ ಕರೆದಿದ್ದರು. 2018ರ ಮೇ 4ರಿಂದ 2020ರ ಅಕ್ಟೋಬರ್ 27ರ ನಡುವೆ ತಯಾರಾದವು. ಅದು ಬದಲಾಗುವ ತನಕ ನೀರು ನಿಂತ ರಸ್ತೆಗೆ ಇಳಿಯಬೇಡಿ, ಎಲೆಕ್ಟ್ರಿಕಲ್ ಭಾಗಕ್ಕೆ ನೇರ ನೀರು ಹೊಡೆಯಬೇಡಿ ಅಂತ ಅವರೇ ಹೇಳಿದ್ದರು. ಸೆಕೆಂಡ್ ಹ್ಯಾಂಡಿನಲ್ಲಿ ಈ ಗಾಡಿಗಳು ಈಗ ಬೇಕಾದಷ್ಟು ಓಡಾಡುತ್ತಿವೆ. ಕೊಳ್ಳುವವರು ಚಾಸಿ ನಂಬರ್ ಹಾಕಿ ನೋಡಿ. ವಾಟರ್ ಸರ್ವಿಸ್‌ನವರು ಬಾನೆಟ್ ಎತ್ತಿ ಪ್ರೆಶರ್ ಹೊಡೆಯುವುದನ್ನು ಯಾವ ಕಾರಿಗೂ ಬಿಡಬೇಡಿ.

ಸಾಗರದ_ಸವಾರ:

ಎಲ್ಲರಿಗೂ ಥ್ಯಾಂಕ್ಸ್. ಗ್ರೀಸ್ ಕೈ ಅಣ್ಣ, ಜಂಪರ್ ಕೇಬಲ್ ಪರೀಕ್ಷೆ ಮಾಡಿದೆ. ಹೊಸ ಕಾರಿನ ಹಾಗೆ ತಿರುಗಿತು! ಕೆಳಗೆ ಬಗ್ಗಿ ನೋಡಿದರೆ ಗೇರ್‌ಬಾಕ್ಸಿನ ಪಟ್ಟಿ ಹಸಿರು ಹಿಡಿದು ಅರ್ಧಕ್ಕರ್ಧ ಹರಿದಿದೆ. ನಾಲ್ಕನೇ ಗೇರಿನಲ್ಲಿ ಸ್ಲಿಪ್ ಇಲ್ಲ. ಹೊಸ ಪಟ್ಟಿ ಹಾಕಿಸಿದೆ, ಲೈಟ್ ಮಂಕಾಗುವುದೂ ನಿಂತಿದೆ. ಮೆಕ್ಯಾನಿಕ್ ಕ್ಲಚ್ ಸೆಟ್ ಮಾತು ಮತ್ತೆ ಎತ್ತಲಿಲ್ಲ.

ರೀಕಾಲ್ ಪುಟದಲ್ಲಿ ಚಾಸಿ ನಂಬರ್ ಹಾಕಿದೆ, ಪಕ್ಕದ ಸೀಟಿನ ಇನ್‌ಫ್ಲೇಟರ್ ಬಾಕಿ ಅಂತ ಬಂತು. ಇಮೇಲ್ ಹೋದ ಮೇಲೆ ಅವರೇ ಫೋನ್ ಮಾಡಿ ಪಾರ್ಟ್ ತರಿಸುತ್ತೇವೆ ಅಂದರು. ಅಲ್ಲಿಯ ತನಕ ಅಮ್ಮ ಹಿಂದಿನ ಸೀಟಿನಲ್ಲಿ, ಅವರಿಗೆ ಮುಂದೆ ಕೂತು ದಾರಿ ಹೇಳಲು ಆಗುತ್ತಿಲ್ಲ ಅಂತ ಸಿಟ್ಟು.

ಕ್ಲಚ್ ಮಾತ್ರ ಇನ್ನೂ ಬಿಗಿಯಾಗಿದೆ. ಕೇಬಲ್ಲಿಗೆ ಎಣ್ಣೆ ಬಿಟ್ಟರೆ ಸಾಕಾ?

ಗ್ರೀಸ್_ಕೈ:

ಎಣ್ಣೆ ಬೇಡ, ಕರಗಿದ ಪ್ಲಾಸ್ಟಿಕ್ ಎಣ್ಣೆಗೆ ಸರಿಹೋಗುವುದಿಲ್ಲ. ಆ ಕೇಬಲ್ ಹೋಯಿತು ಅಂತಲೇ ಲೆಕ್ಕ, ಈಗ ಹೊಸದು ಹಾಕಿದರೆ ನಿಲ್ಲುತ್ತದೆ. ಹಾಕುವಾಗ ಗೇರ್‌ಬಾಕ್ಸ್ ಮೇಲಿನ ಕ್ಲಚ್ ಲಿವರನ್ನೂ ಆಡಿಸಿ ನೋಡಲು ಹೇಳಿ. ಅದರ ಬುಷ್ ತುಕ್ಕು ಹಿಡಿದಿದ್ದರೂ ಪೆಡಲ್ ಬಿಗಿಯಾಗುತ್ತದೆ.

ಉಡುಪಿ_ಕಡೆಯವ:

ಇನ್‌ಫ್ಲೇಟರ್ ಹಾಕಿದ ದಿನ ಜಾಬ್ ಕಾರ್ಡ್ ಪ್ರತಿ ಇಸಿದುಕೊಳ್ಳಿ. ರೀಕಾಲ್ ನಂಬರ್, ಬದಲಾಯಿಸಿದ ಭಾಗ, ಚಾರ್ಜ್ ಸೊನ್ನೆ ಅಂತ ಬರೆದಿರಬೇಕು. ಜನರಲ್ ಚೆಕಪ್, ವಾಷಿಂಗ್ ಅಂತ ಬಿಲ್ ಮಾಡಲು ಬಂದರೆ ಬೇಡ ಅನ್ನಿ. ಅಮ್ಮನಿಗೆ ನಮಸ್ಕಾರ ಹೇಳಿ.