ರಾತ್ರಿ ಹತ್ತೂವರೆಗೆ ಬೆಲ್ಲದ ಡಬ್ಬ: ಓಡ್ತೀನಿ, ಸೈಕಲ್ ತುಳೀತೀನಿ, ಸಿಹಿ ಮಾತ್ರ ಬಿಡಕ್ಕಾಗ್ತಿಲ್ಲ

ಬೆಟ್ಟದ ತಿರುವು (ಮೈಸೂರು)

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಚೈನು, ಟ್ಯೂಬು, ಶೂ ಅಂತ ಕೇಳ್ಕೊಂಡು ಬಂದಿದ್ದೀನಿ, ಇವತ್ತು ಹೊಟ್ಟೆ ವಿಷ್ಯ, ನಗಬೇಡಿ.

ವಯಸ್ಸು 39, ತೂಕ 68 ಕೆಜಿ. ವಾರಕ್ಕೆ ಮೂರು ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಟ, ಒಂದಿನ 8 ಕಿಲೋಮೀಟರು ಒಂದಿನ 12. ಬುಧವಾರ ಸೈಕಲ್ಲಲ್ಲಿ ಚಾಮುಂಡಿ ಬೆಟ್ಟ. ಭಾನುವಾರ ಮೇಲುಕೋಟೆ ಇಲ್ಲಾ ತಲಕಾಡು, ಹೋಗಿ ಬಂದ್ರೆ ನೂರರ ಹತ್ರ. ಇಷ್ಟೆಲ್ಲ ಮಾಡೋ ಮನುಷ್ಯ ಸಕ್ಕರೆ ಮುಂದೆ ಸೋತು ಸುಣ್ಣ ಆಗಿದ್ದೀನಿ.

ಹಗಲೆಲ್ಲ ಪರ್ವಾಗಿಲ್ಲ. ರಾತ್ರಿ ಎಲ್ರೂ ಮಲಗಿದ್ಮೇಲೆ ಹತ್ತೂವರೆ ಆಸುಪಾಸಿಗೆ ಅಡುಗೆಮನೆಗೆ ಹೋಗ್ತೀನಿ, ಲೈಟ್ ಹಾಕಲ್ಲ, ಸ್ಟೀಲ್ ಡಬ್ಬ ಹೊಟ್ಟೆಗೆ ಒತ್ಕೊಂಡು ಮುಚ್ಚಳನ ಎರಡೂ ಹೆಬ್ಬೆಟ್ಟಲ್ಲಿ ಸ್ವಲ್ಪಸ್ವಲ್ಪವೇ ಮೇಲಕ್ಕೆ ತಳ್ಳಿ ಸದ್ದಾಗ್ದಂಗೆ ತೆಗೀತೀನಿ, ಅಚ್ಚುಬೆಲ್ಲದ ಒಂದು ಮೂಲೆ ಮುರ್ದು ಬಾಯಿಗೆ, ಆಮೇಲೆ ಇನ್ನೊಂದು, ಆಮೇಲೆ ಹುರಿಗಡಲೆ ಜೊತೆಗೆ ಅಂತ ಮತ್ತೊಂದು. ಮೊನ್ನೆ ಮುಚ್ಚಳ ಕೈಜಾರಿ ನೆಲಕ್ಕೆ ಬಿತ್ತು, ಗಿರಗಿರ ತಿರುಗಿ ನಿಲ್ಲೋಷ್ಟ್ರಲ್ಲಿ ಅಮ್ಮ ಎದ್ದು ಬಂದು "ಬೆಕ್ಕು ಅಂದ್ಕೊಂಡ್ನಲ್ಲೋ" ಅಂದ್ರು. ನಲವತ್ತರ ಹತ್ರ ಬಂದಿದ್ದೀನಿ ಸ್ವಾಮಿ, ಮಾನ ಹೋಯ್ತು.

ಹೋದ ತಿಂಗಳು ಸಕ್ಕರೆ ಪೂರ್ತಿ ಬಂದ್ ಮಾಡ್ದೆ. ಒಂಬತ್ತು ದಿನ ನಡೀತು. ಹತ್ತನೇ ದಿನ ಅಕ್ಕನ ಮೊಮ್ಮಗುವಿನ ನಾಮಕರಣ, ಏಳು ಒಬ್ಬಟ್ಟು ತಿಂದೆ, ತುಪ್ಪ ಬೇರೆ. ನನಗೆ ಮನಸ್ಸು ಗಟ್ಟಿ ಇಲ್ವಾ, ಇಲ್ಲಾ ಬೇರೆ ಏನಾದ್ರೂ ತೊಂದ್ರೆನಾ? ಇನ್ನೊಂದು, ಸಂಬಂಧ ಇದ್ಯೋ ಇಲ್ವೋ ಗೊತ್ತಿಲ್ಲ, ಹೋದ ಭಾನುವಾರ ಮೇಲುಕೋಟೆಯಿಂದ ವಾಪಸ್ ಬರ್ತಾ ಪಾಂಡವಪುರ ದಾಟಿದ ಮೇಲೆ ಕಾಲು ಪೂರ್ತಿ ಖಾಲಿ, ಕೈ ನಡುಗ್ತಿತ್ತು, ಪೆಟ್ಟಿಗೆ ಅಂಗಡಿ ಮುಂದೆ ಕೂತು ಒಂದು ಪ್ಯಾಕೆಟ್ ಕ್ರೀಮ್ ಬಿಸ್ಕತ್ತು, ಒಂದು ಕೋಲಾ ಮುಗಿಸಿದ ಮೇಲೇ ಪ್ರಪಂಚ ಕಾಣ್ಸಿದ್ದು.

ಆಲೆಮನೆ ಮೊಮ್ಮಗ (ಮಂಡ್ಯ)

ಅಣ್ಣ, 1933ರಲ್ಲೇ ಮೈಷುಗರ್ ಸಕ್ರೆ ಕಂಪ್ನಿ ಶುರುವಾದ ಊರಲ್ಲಿ ಹುಟ್ಟಿರೋನು ನಾನು, ಸಕ್ರೆ ಬಿಡು ಅಂತ ಯಾವ ಬಾಯಲ್ಲಿ ಹೇಳ್ಲಿ 😄

ಆದ್ರೂ ಒಂದ್ ಮಾತು. ಬೆಲ್ಲ ತಾನೆ, ಒಳ್ಳೇದು ಅಂತ ತಿಂತಾ ಇದ್ರೆ ಅದನ್ನ ಬಿಟ್ಬಿಡಿ. ನಮ್ ತಾತನ ಕಾಲದಿಂದ ಆಲೆಮನೆ ಐತೆ, ಕಬ್ಬಿನ ಹಾಲು ಕೊಪ್ಪರಿಗೇಲಿ ಕಾಯ್ಸಿ ನೀರು ಹೋದ್ಮೇಲೆ ಉಳಿಯೋದು ಬಹುಪಾಲು ಸಕ್ರೆನೇ ಕನಣ್ಣ, ಸ್ವಲ್ಪ ಕಬ್ಬಿಣ ಗಿಬ್ಬಿಣ ಇರ್ಬೋದು, ಅದಕ್ಕೋಸ್ಕರ ತಿನ್ನೋಂಗಿದ್ರೆ ಅಚ್ಚುಗಟ್ಲೆ ತಿನ್ಬೇಕಾಯ್ತದೆ. ನಮ್ಮಪ್ಪ ಹಂಗೇ ಅಂದ್ಕೊಂಡು ಕಾಪಿಗೂ ಬೆಲ್ಲ, ಮುದ್ದೆ ಉಂಡ್ಮೇಲೂ ಬೆಲ್ಲ ಅಂತಿದ್ರು, ಈಗ ಶುಗರ್ ಬಂದು ಮಾತ್ರೆ ನುಂಗ್ತಾವ್ರೆ. ಬೆಲ್ಲದಿಂದ್ಲೇ ಬಂತು ಅಂತ ಹೇಳ್ತಿಲ್ಲ, ಆದ್ರೆ ಬೆಲ್ಲ ಕಾಪಾಡ್ನಿಲ್ಲ. ಒಂದ್ಸಲ ಬೆಳಿಗ್ಗೆ ಖಾಲಿ ಹೊಟ್ಟೇಲಿ ರಕ್ತ ಕೊಟ್ಟು ಬನ್ನಿ, ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿನೂ ಮಾಡ್ಸಿ. ಅದು 5.7ರ ಒಳಗಿದ್ರೆ ನೆಮ್ಮದಿ.

ಬರೀ ಕೊಬ್ಬು

ಕಾರ್ಬ್ಸ್ (ಪಿಷ್ಟ, ಸಕ್ಕರೆ) ಪೂರ್ತಿ ಬಿಟ್ಬಿಡಿ ಬ್ರೋ. ಅನ್ನ ಇಲ್ಲ, ಚಪಾತಿ ಇಲ್ಲ, ಹಣ್ಣೂ ಇಲ್ಲ. ಎರಡು ವಾರ ತಲೆನೋವು, ಆಮೇಲೆ ಸಿಹಿ ನೋಡಿದ್ರೂ ಏನೂ ಅನ್ಸಲ್ಲ. ಕಾಫಿಗೆ ಸಕ್ಕರೆ ಬದ್ಲು ಸ್ವೀಟ್ನರ್ ಗುಳಿಗೆ ಹಾಕ್ಕೊಳಿ, ಮುಗೀತು.

ಏರಿ ಮೇಲೆ ನಿಧಾನ (ಮೈಸೂರು)

ಬೆಟ್ಟದ ತಿರುವು ಅವ್ರೇ, ಯಾರ ಮಾತೂ ಕೇಳೋಕ್ಮುಂಚೆ ನಿನ್ನೆ ಬೆಳಿಗ್ಗೆಯಿಂದ ರಾತ್ರಿವರ್ಗೂ ಏನೇನು ಬಾಯಿಗೆ ಹೋಯ್ತು ಅಂತ ಟೈಮ್ ಸಮೇತ ಬರೀರಿ. ಕಾಫಿ, ಅದ್ರ ಸಕ್ಕರೆ, ಎಲ್ಲ. ಭಾನುವಾರ ಸೈಕಲ್ ಮೇಲೆ ಏನು ತಿಂದ್ರಿ ಅದೂ ಬೇಕು. ನೀವು ಕೊನೇಲಿ "ಸಂಬಂಧ ಇದ್ಯೋ ಇಲ್ವೋ" ಅಂತ ಬರೆದಿದ್ದೀರಲ್ಲ, ನನಗೇನೋ ಅದೇ ಮುಖ್ಯ ಅನ್ಸ್ತಿದೆ.

ಬೆಟ್ಟದ ತಿರುವು

ಬರೀತೀನಿ ಮೇಡಂ. 5.15ಕ್ಕೆ ಕಾಫಿ, ಓಟ. 9ಕ್ಕೆ ಎರಡು ಇಡ್ಲಿ ಚಟ್ನಿ. ಹನ್ನೊಂದಕ್ಕೆ ಕಾಫಿ. ಒಂದೂವರೆಗೆ ಒಂದು ಬಟ್ಲು ಅನ್ನ ಸಾರು, ಮಜ್ಜಿಗೆ (ಮೊದ್ಲು ಜಾಸ್ತಿ ತಿಂತಿದ್ದೆ, ಅನ್ನ ಕಮ್ಮಿ ಮಾಡಿ ಅಂತ ವಿಡಿಯೋದಲ್ಲಿ ನೋಡಿ ಕಮ್ಮಿ ಮಾಡಿದ್ದೀನಿ). ನಾಲ್ಕಕ್ಕೆ, ಆರಕ್ಕೆ ಕಾಫಿ. ಎಂಟಕ್ಕೆ ಎರಡು ಚಪಾತಿ, ಪಲ್ಯ. ಹತ್ತೂವರೆಗೆ ಕಳ್ಳತನ. ಕಾಫಿಗೆ ಎರಡೆರಡು ಚಮಚ ಸಕ್ಕರೆ.

ಭಾನುವಾರ ಎರಡು ಬಾಟ್ಲಿ ನೀರು, ಮೇಲುಕೋಟೇಲಿ ಅರ್ಧ ಪ್ಲೇಟ್ ಪುಳಿಯೋಗರೆ, ದಾರೀಲಿ ಒಂದು ಎಳನೀರು ಅಷ್ಟೇ. ಸಕ್ಕರೆ ಪೊಂಗಲ್ ಮುಟ್ಲಿಲ್ಲ, ಹೆಮ್ಮೆಯಿಂದ ಹೇಳ್ತಿದ್ದೀನಿ.

ಏರಿ ಮೇಲೆ ನಿಧಾನ

ಪೊಂಗಲ್ ಬಿಟ್ರಿ, ಕ್ರೀಮ್ ಬಿಸ್ಕತ್ತು ತಿಂದ್ರಿ. ಹೆಮ್ಮೆ ಯಾಕೋ ದುಬಾರಿ ಆಯ್ತು ಕಣ್ರೀ.

ಲೆಕ್ಕ ಹಾಕಿ ನೋಡಿ. ನೀವು ಬರೆದಿದ್ರಲ್ಲಿ ಕಾರ್ಬ್ಸ್ ಅಂದಾಜು 160 ಗ್ರಾಂ, ಕಾಫಿ ಸಕ್ಕರೆನೂ ಸೇರ್ಸಿ, ರಾತ್ರಿ ಬೆಲ್ಲ ಬಿಟ್ಟು. ದಿನಾ ಒಂದು ಗಂಟೆ ಆಸುಪಾಸು ಓಡೋರಿಗೆ ತೂಕದ ಪ್ರತಿ ಕೆಜಿಗೆ 5ರಿಂದ 7 ಗ್ರಾಂ ಅಂತ ಕ್ರೀಡಾ ಪೋಷಣೆಯವ್ರು ಹೇಳೋದು, ನಿಮ್ಮ 68ಕ್ಕೆ ಕಮ್ಮಿ ಅಂದ್ರೂ 340. ಅರ್ಧನೂ ಹೋಗ್ತಿಲ್ಲ! ಮೈ ಸಕ್ಕರೆನ ಗ್ಲೈಕೊಜೆನ್ ಮಾಡಿ ಕೂಡಿಡೋದೇ ಯಕೃತ್ತಲ್ಲಿ ಒಂದು ನೂರು ಗ್ರಾಂ, ಸ್ನಾಯುಗಳಲ್ಲಿ ಒಂದು ಮುನ್ನೂರು ನಾನೂರು ಗ್ರಾಂ. ದಿನಾ ಅದ್ರಿಂದ ತೆಗೀತಿದ್ದೀರಿ, ವಾಪಸ್ ಹಾಕ್ತಿಲ್ಲ. ಹಗಲು ಆಫೀಸು, ಓಡಾಟ, ಕಾಫಿ ಅಂತ ಹಸಿವು ಮುಚ್ಚಿಹೋಗುತ್ತೆ, ರಾತ್ರಿ ಮನೆ ನಿಶ್ಶಬ್ದ ಆದಾಗ ಅದು ಬೆಲ್ಲದ ವೇಷ ಹಾಕ್ಕೊಂಡು ಬರುತ್ತೆ. ಇದ್ರಲ್ಲಿ ಮನಸ್ಸು ಗಟ್ಟಿ ಇರೋದು ಇಲ್ದೇ ಇರೋದು ಎಲ್ಲಿಂದ ಬಂತು, ನಿಮಗೆ ಹಸಿವು ಅಷ್ಟೇ.

ನನ್ನ ಕಥೆನೂ ಹೇಳ್ಬಿಡ್ತೀನಿ. ಮೊದಲ್ನೇ ಮ್ಯಾರಥಾನ್ ತಯಾರೀಲಿ ಸಣ್ಣ ಆಗ್ಬೇಕು ಅಂತ ಇದೇ ಆಟ ಆಡ್ದೆ, ಮೂರು ತಿಂಗಳು ಮುಟ್ಟು ನಿಂತುಹೋಯ್ತು, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ಪಾತಾಳಕ್ಕೆ ಇಳೀತು, ಆದ್ರೂ ರಾತ್ರಿ ಕಂಡೆನ್ಸ್‌ಡ್ ಮಿಲ್ಕ್ ಡಬ್ಬಕ್ಕೆ ಚಮಚ ಹಾಕ್ಕೊಂಡು ನಿಂತಿರ್ತಿದ್ದೆ. ಹೆಣ್ಮಕ್ಳು ಯಾರಾದ್ರೂ ಇದನ್ನ ಓದ್ತಿದ್ರೆ, ಮುಟ್ಟು ತಪ್ಪಿದ್ರೆ "ಜಾಸ್ತಿ ಓಡ್ತಿದ್ದೀನಿ, ಅದಕ್ಕೇ" ಅಂತ ಸುಮ್ನಿರ್ಬೇಡಿ, ಡಾಕ್ಟ್ರ ಹತ್ರ ಹೋಗಿ.

ಮಾಡ್ಬೇಕಾದ್ದು ಇಷ್ಟು. ಓಟಕ್ಕೆ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು. ಓಟ ಮುಗ್ಸಿ ಅರ್ಧ ಮುಕ್ಕಾಲು ಗಂಟೇಲಿ ನಾಲ್ಕು ಇಡ್ಲಿ, ಎರಡು ಮೊಟ್ಟೆ ಇಲ್ಲಾ ಒಂದು ಬಟ್ಲು ಮೊಳಕೆ ಕಾಳು. ಮಧ್ಯಾಹ್ನ ಅನ್ನ ಮೊದ್ಲಿನಂಗೇ ಉಣ್ಣಿ, ಆ ವಿಡಿಯೋ ಮಾಡ್ದೋನು ಭಾನುವಾರ ಮೇಲುಕೋಟೆಗೆ ಸೈಕಲ್ ತುಳಿಯಲ್ಲ. ನಾಲ್ಕು ಗಂಟೆಗೆ ಬರೀ ಕಾಫಿ ಬೇಡ, ಜೊತೆಗೆ ಒಂದು ಹಿಡಿ ಕಡ್ಲೆಕಾಯಿ, ಒಂದು ಹಣ್ಣು. ರಾತ್ರಿ ಒಂದು ಮುದ್ದೆ, ಹುರುಳಿಕಾಳು ಸಾರು ಇಲ್ಲಾ ಬಸ್ಸಾರು, ಮೊಸರನ್ನ. ಪ್ರೋಟೀನು ದಿನಕ್ಕೆ 80ರಿಂದ 100 ಗ್ರಾಂ ಬರೋ ಹಂಗೆ ನೋಡ್ಕೊಳಿ, ನಿಮ್ಮ ಪಟ್ಟೀಲಿ ಅದು ಮಜ್ಜಿಗೆಲಿ ಕಂಡಷ್ಟೇ.

ಈಗ ವಿಚಿತ್ರ ಅನ್ಸೋ ಮಾತು. ಸಕ್ಕರೆ ಬಿಡ್ಬೇಕಾದ್ರೆ ಸೈಕಲ್ ಮೇಲೆ ಸಕ್ಕರೆ ತಿನ್ಬೇಕು. ನೂರು ಕಿಲೋಮೀಟರು ಅಂದ್ರೆ ನಿಮಗೆ ನಾಲ್ಕೂವರೆ ಗಂಟೆ, ಖರ್ಚಾಗೋದು 2000 ಕ್ಯಾಲೊರಿ ಆಸುಪಾಸು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ಸ್ ಒಳಗೆ ಹೋಗ್ಲೇಬೇಕು. ಮುಕ್ಕಾಲು ಲೀಟರ್ ಬಾಟ್ಲಿಗೆ 45 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣು, ಎರಡು ಚಿಟಿಕೆ ಉಪ್ಪು. ಜೇಬಲ್ಲಿ ಕಡ್ಲೆಮಿಠಾಯಿ. ಹಸಿವಾಗೋ ತನಕ ಕಾಯ್ಬೇಡಿ, ಅರ್ಧ ಗಂಟೆಗೊಂದ್ಸಲ ಗಡಿಯಾರ ನೋಡಿ ಬಾಯಿಗೆ ಹಾಕ್ಕೊಳಿ. ಶುಗರ್ ಇರೋರು, ಮಾತ್ರೆ ಇನ್ಸುಲಿನ್ ತಗೊಳೋರು ಈ ಬಾಟ್ಲಿ ಲೆಕ್ಕನ ಡಾಕ್ಟ್ರನ್ನ ಕೇಳ್ದೆ ಮಾಡ್ಬೇಡಿ.

ಬರೀ ಕೊಬ್ಬು ಅವ್ರೇ, ನಿಧಾನಕ್ಕೆ ತುಳಿಯುವಾಗ ಕೊಬ್ಬಲ್ಲಿ ನಡಿಯುತ್ತೆ, ಒಪ್ತೀನಿ. ಬೆಟ್ಟದ ಏರಲ್ಲಿ ಎದೆ ಹೊಡ್ಕೊಳೋವಾಗ ಮೈ ಕೇಳೋದು ಸಕ್ಕರೆನೇ. ಸ್ವೀಟ್ನರ್ ವಿಷ್ಯಕ್ಕೆ, ತೂಕ ಇಳಿಸೋಕೆ ಅದನ್ನ ನೆಚ್ಕೋಬೇಡಿ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆನೇ ಹೇಳಿದೆ.

ಬರೀ ಕೊಬ್ಬು

ನನಗೆ ಆಗಿದೆ ಅಂತ ಹೇಳ್ದೆ ಅಕ್ಕ. ಆದ್ರೆ ನಾನು ವಾಕಿಂಗ್ ಮಾಡೋದು, ಅದೂ ನಿಜ.

ಬೆಟ್ಟದ ತಿರುವು

ರಕ್ತ ಕೊಟ್ಟು ಬಂದೆ, ಎಚ್‌ಬಿಎ1ಸಿ 5.3. ಅಮ್ಮ ದೇವ್ರಿಗೆ ತುಪ್ಪದ ದೀಪ ಹಚ್ಚಿದ್ರು.

ಆದ್ರೆ ಮೊದಲ್ನೇ ಭಾನುವಾರನೇ ಎಡವಟ್ಟು. 45 ಗ್ರಾಂ ಯಾವ ಲೆಕ್ಕ ಅಂತ ಒಂದೇ ಬಾಟ್ಲಿಗೆ ನೂರು ಗ್ರಾಂ ಸುರ್ಕೊಂಡೆ, ಶ್ರೀರಂಗಪಟ್ಟಣ ಬರೋಷ್ಟ್ರಲ್ಲಿ ಬಾಯಾರಿ ಅರ್ಧ ಬಾಟ್ಲಿ ಒಂದೇ ಉಸಿರಿಗೆ ಕುಡ್ದೆ, ಹೊಟ್ಟೆ ಗುಡುಗುಡು ಅಂತ ಪಾಂಡವಪುರದ ವರ್ಗೂ ಮಾತಾಡ್ತಿತ್ತು, ಒಂದ್ಕಡೆ ಸೈಕಲ್ ಕಬ್ಬಿನ ಗದ್ದೆ ಬದಿಗೆ ಒರಗಿಸಿ ಒಳಗೆ ಹೋಗಿ ಬರೋ ಹಂಗಾಯ್ತು, ಇದಕ್ಕಿಂತ ಹೆಚ್ಚು ಬರಿಯಲ್ಲ.

ಏರಿ ಮೇಲೆ ನಿಧಾನ

ಪಾಕ ಮಾಡ್ಕೊಂಡು ಹೋಗಿದ್ದೀರಿ! ಅಷ್ಟು ಗಟ್ಟಿ ಆದ್ರೆ ಜಠರದಿಂದ ಮುಂದಕ್ಕೆ ಹೋಗೋದೇ ನಿಧಾನ, ಕರುಳು ಮೈಯಿಂದ ನೀರು ಎಳ್ಕೊಳುತ್ತೆ, ಅದಕ್ಕೇ ಗದ್ದೆ ದರ್ಶನ. ನೂರು ಎಂಎಲ್ ನೀರಿಗೆ 6ರಿಂದ 8 ಗ್ರಾಂ ಸಕ್ಕರೆ ದಾಟ್ಬೇಡಿ. ಗುಟುಕು ಗುಟುಕಾಗಿ ಕುಡೀರಿ. ಇನ್ನೊಂದು ಬಾಟ್ಲೀಲಿ ಬರೀ ನೀರಿರ್ಲಿ, ಸಿಹಿ ಕುಡ್ದ ಮೇಲೆ ಒಂದು ಗುಟುಕು ಮುಕ್ಕಳಿಸಿ, ಹಲ್ಲೂ ಉಳಿಯುತ್ತೆ. ಮೊದಲೆರಡು ವಾರ ಗಂಟೆಗೆ 30 ಗ್ರಾಂ ಸಾಕು, ಹೊಟ್ಟೆಗೂ ಅಭ್ಯಾಸ ಆಗ್ಬೇಕು.

ಬೆಟ್ಟದ ತಿರುವು

ಮೂರು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಓಡೋ ದಿನ, ತುಳಿಯೋ ದಿನ ಡಬ್ಬದ ನೆನಪೇ ಬರಲ್ಲ. ಸುಳ್ಳಲ್ಲ, ಒಂಬತ್ತೂವರೆಗೆ ಮೊಸರನ್ನ ಹೊಟ್ಟೇಲಿ ತಣ್ಣಗೆ ಕೂತಿರುತ್ತೆ, ಎದ್ದು ಹೋಗೋಕೆ ಸೋಮಾರಿತನ. ಮೇಲುಕೋಟೆಯಿಂದ ಬರೋವಾಗ ಕೊನೇ ಇಪ್ಪತ್ತು ಕಿಲೋಮೀಟರು ಮೊದಲ್ನೇ ಇಪ್ಪತ್ತರಷ್ಟೇ ಬಂತು, ಜೊತೆಗಿದ್ದ ಹುಡ್ಗರು ಏನ್ ಸಾರ್ ಹೊಸ ಸೈಕಲ್ಲಾ ಅಂದ್ರು. ತೂಕ ಏರುತ್ತೆ ಅಂತ ಭಯ ಇತ್ತು, ಮೊದಲ್ನೇ ವಾರ ಅರ್ಧ ಕೆಜಿ ಏರಿ ಅಲ್ಲೇ ನಿಂತಿದೆ.

ಆದ್ರೆ ಸೋಮವಾರ, ಶುಕ್ರವಾರ, ಅಂದ್ರೆ ಓಟಕ್ಕೂ ಸೈಕಲ್ಲಿಗೂ ರಜೆ ಇರೋ ದಿನ ಬಂದ್ರೆ ಮತ್ತೆ ಅದೇ. ಅವತ್ತು ಹೊಟ್ಟೆ ತುಂಬಿರುತ್ತೆ, ಹಸಿವು ಅಂತ ಹೇಳೋಕಾಗಲ್ಲ. ಆದ್ರೂ ಹತ್ತೂವರೆ ಆದ್ರೆ ಕಾಲು ಅಡುಗೆಮನೆ ಕಡೆಗೇ.

ಆಲೆಮನೆ ಮೊಮ್ಮಗ

ಅವತ್ತು ಎಷ್ಟೊತ್ತಿಗೆ ಮಲಗ್ತೀರಣ್ಣ?

ಬೆಟ್ಟದ ತಿರುವು

ರಜೆ ಹಿಂದಿನ ರಾತ್ರಿ ಅಂದ್ರೆ ಮೊಬೈಲ್ ನೋಡ್ಕೊಂಡು ಹನ್ನೆರಡೂವರೆ ಒಂದು ಆಗುತ್ತೆ. ಬೆಳಿಗ್ಗೆ ಎಚ್ಚರ ಮಾತ್ರ ಅಭ್ಯಾಸಬಲ, ಐದಕ್ಕೇ.

ಆಲೆಮನೆ ಮೊಮ್ಮಗ

ಅಲ್ಲೇ ಐತೆ ನೋಡಿ. ನಾನು ರಾತ್ರಿ ಪಾಳಿ ಮಾಡ್ತಿದ್ದಾಗ ಇದೇ ಗೋಳು, ಬೆಳಗಾದ್ರೆ ಬೇಕರಿ ಮುಂದೆ ನಿಂತಿರ್ತಿದ್ದೆ. ನಿದ್ದೆ ಕೆಟ್ರೆ ಹಸಿವು ಹುಟ್ಸೋ ಹಾರ್ಮೋನು ಏರ್ತದೆ, ಸಾಕು ಅನ್ನೋದು ಇಳೀತದೆ, ಕಂಪ್ನಿ ಡಾಕ್ಟ್ರು ಹೇಳಿದ್ದು. ಆಮೇಲೆ ಹತ್ತೂವರೆ ಅನ್ನೋದು ನಿಮ್ಗೆ ಬೆಲ್ಲದ ಟೈಮ್ ಅಂತ ಅಚ್ಚು ಒತ್ತೋಗೈತೆ. ಹತ್ತಕ್ಕೇ ಹಲ್ಲುಜ್ಜಿ ಮೊಬೈಲ್ ಆಚೆ ಕೋಣೇಲಿಟ್ಟು ಮಲಗಿ. ಬೆಲ್ಲ ಬೇಕೇಬೇಕು ಅಂದ್ರೆ ಮಧ್ಯಾಹ್ನ ಊಟ ಆದ್ಮೇಲೆ ಎಲ್ರ ಮುಂದೆ ತಟ್ಟೇಲಿ ಹಾಕ್ಕೊಂಡು ತಿನ್ನಿ, ಕದ್ದು ತಿನ್ನೋ ರುಚಿ ಹೋದ್ರೆ ಅರ್ಧ ಆಸೆ ಹೋಯ್ತದೆ.

ಏರಿ ಮೇಲೆ ನಿಧಾನ

ಇದು ನನಗೆ ಹೊಳೆದಿರ್ಲಿಲ್ಲ ನೋಡಿ, ಸರಿಯಾಗಿ ಹಿಡಿದ್ರಿ. ಜೊತೆಗೆ ಕಾಫಿ. ನಾಲ್ಕು ಕಾಫಿ, ಎರಡೆರಡು ಚಮಚ, ಕಮ್ಮಿ ಅಂದ್ರೂ 32 ಗ್ರಾಂ. ಸೈಕಲ್ ಮೇಲೆ ಕುಡಿಯೋ ಸಕ್ಕರೆ ಉರಿದುಹೋಗುತ್ತೆ, ಕುರ್ಚೀಲಿ ಕೂತು ಕುಡಿಯೋದು ಹಾಗಲ್ಲ. ಕೂತಿರೋ ದಿನಕ್ಕೆ 25 ಗ್ರಾಂ ಅನ್ನೋದು ಒಳ್ಳೇ ಮಿತಿ. ಆರು ಗಂಟೆ ಕಾಫಿ ನಿದ್ದೆಗೂ ಶತ್ರು, ಮೊದ್ಲು ಅದನ್ನ ತೆಗೀರಿ, ಉಳಿದಿದ್ರಲ್ಲಿ ಒಂದು ಚಮಚಕ್ಕೆ ಇಳಿಸಿ. ಒಂದೇ ಸಲ ಸೊನ್ನೆ ಮಾಡ್ಬೇಡಿ, ಒಬ್ಬಟ್ಟು ಕಾಯ್ತಿರುತ್ತೆ.

ಬೆಟ್ಟದ ತಿರುವು

ಎರಡು ತಿಂಗಳಾಯ್ತು, ಬರೀದೆ ಇದ್ದಿದ್ದಕ್ಕೆ ಕ್ಷಮಿಸಿ.

ಕಾಫಿ ಈಗ ಮೂರು, ಅರ್ಧ ಚಮಚ. ಮೊದಲೆರಡು ವಾರ ಕಷಾಯ ಕುಡ್ದಂಗಿತ್ತು, ಈಗ ಆಫೀಸಲ್ಲಿ ಯಾರಾದ್ರೂ ಎರಡು ಚಮಚ ಹಾಕಿ ಕೊಟ್ರೆ ಪಾಯಸ ಅನ್ಸುತ್ತೆ. ಹತ್ತಕ್ಕೆ ಮಲಗೋದು ವಾರಕ್ಕೆ ಐದು ದಿನ ನಡೀತಿದೆ, ಎರಡು ದಿನ ಜಾರ್ತೀನಿ, ಜಾರಿದ ಮಾರನೇ ಸಂಜೆನೇ ಸಿಹಿ ಎಳಿಯುತ್ತೆ, ಈಗ ಕಾರಣ ಗೊತ್ತಿರೋದ್ರಿಂದ ಗಾಬರಿ ಇಲ್ಲ. ದಸರಾ ಟೈಮಲ್ಲಿ ಮನೇಲಿ ಮೈಸೂರ್ ಪಾಕ್ ಇತ್ತು, ದಿನಾ ಒಂದು ತುಂಡು ತಿಂದೆ, ಒಂದಕ್ಕೇ ಕೈ ನಿಂತಿದ್ದು ನೋಡಿ ನನಗೇ ಆಶ್ಚರ್ಯ. ಮೇಲುಕೋಟೆಗೆ ಹೋದ್ರೆ ಸಕ್ಕರೆ ಪೊಂಗಲ್ ಒಂದು ದೊನ್ನೆ ಖಾಯಂ.

ಡಬ್ಬ ಇದ್ದಲ್ಲೇ ಇದೆ. ಅಮ್ಮ ಮಾತ್ರ ಈಗ "ಬೆಲ್ಲ ಖರ್ಚಾಗ್ತಾನೇ ಇಲ್ಲ, ಹುಳ ಬೀಳುತ್ತೆ" ಅಂತ ಗೊಣಗ್ತಿದ್ದಾರೆ.

ಒಂದೇ ಒಂದು ಉಳ್ಕೊಂಡಿದೆ. ಸೈಕಲ್ ಬಾಟ್ಲಿಗೆ ಇರುವೆ. ಸಂಜೆ ತೊಳೆದ್ರಾಯ್ತು ಅಂತ ಸೈಕಲ್ಲಲ್ಲೇ ಬಿಟ್ರೆ ಮೂತಿ ಸುತ್ತ ಸಾಲು, ಒಳಗೆ ಹುಳಿ ವಾಸನೆ. ನಿನ್ನೆ ಬೆಟ್ಟದ ಅರ್ಧಕ್ಕೆ ಹೋಗಿ ಒಂದು ಗುಟುಕು ಎಳೆದ್ರೆ ನಾಲ್ಕು ಇರುವೆ ನಾಲಿಗೆ ಮೇಲೆ.

ಆಲೆಮನೆ ಮೊಮ್ಮಗ

ಪ್ರೋಟೀನು ಅಂದ್ಕೊಳಿ ಅಣ್ಣ 😂

ಮನೆಗೆ ಬಂದ ತಕ್ಷಣ ತೊಳೀಬೇಕು, ಸ್ನಾನಕ್ಕೂ ಮುಂಚೆ. ಕೈ ತಾಳೋಷ್ಟು ಬಿಸಿನೀರು, ಒಂದ್ ಚಮಚ ಅಡುಗೆ ಸೋಡ, ಕಾಲು ಗಂಟೆ ಬಿಡಿ. ಮೂತಿ ರಬ್ಬರ್ ಬಿಚ್ಚಕ್ಕೆ ಬರ್ತದೆ, ಎಳೀರಿ, ಪಾಚಿ ಕಟ್ಟೋದೇ ಅದರ ಕೆಳಗೆ. ಆಮೇಲೆ ಮುಚ್ಚಳ ಹಾಕದೆ ಬೋರಲು ಹಾಕಿ. ಸೈಕಲ್ಲಿನ ಬಾಟ್ಲಿ ಸ್ಟ್ಯಾಂಡೂ ಒದ್ದೆ ಬಟ್ಟೇಲಿ ಒರಸಿ, ಅಲ್ಲಿ ಸೋರಿರೋ ಪಾನಕಕ್ಕೇ ಅವು ಬರೋದು.

ಬೆಟ್ಟದ ತಿರುವು

ರಬ್ಬರ್ ಬಿಚ್ಚಕ್ಕೆ ಬರುತ್ತೆ ಅಂತಾನೇ ಗೊತ್ತಿರ್ಲಿಲ್ಲ. ಬಿಚ್ಚಿ ನೋಡ್ದೆ. ಆ ಬಾಟ್ಲಿ ಬಿಸಾಕಿದೆ, ಹೊಸದು ತರ್ತೀನಿ.