ಪದಚರ್ಚೆ: ಹಾರ್ಡ್‌ವೇರ್ ‘ಸಪೋರ್ಟ್’ಗೆ ‘ಬೆಂಬಲ’ ಸಾಕಾ? ‘ಒಗ್ಗು’ ಆಗಬಹುದಾ?

ಎಲ್ಲರಿಗೂ ನಮಸ್ಕಾರ.

ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಅಥವಾ ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯದಲ್ಲೇ ‘ಸಪೋರ್ಟ್’ ಅನ್ನೋ ಪದ ಅಡ್ಡ ಬಂದು ಕೂತಿದೆ.

ರೂಢಿಯಲ್ಲಿರುವುದು ‘ಬೆಂಬಲ’. ‘ಈ ವೈಫೈ ಕಾರ್ಡಿಗೆ ಬೆಂಬಲವಿಲ್ಲ’ ಅಂತ ಬರೆದರೆ ಓದುವವರು ಏನಂದುಕೊಳ್ಳಬೇಕು? ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಇಲ್ಲ ಅಂತಲೋ, ಕೆಟ್ಟರೆ ಕಂಪನಿಯವರು ನೋಡಲ್ಲ ಅಂತಲೋ? ಲಿನಕ್ಸಿನ ಒಂದು ಬಗೆಯಾದ ಉಬುಂಟು ತನ್ನ ಎಲ್‌ಟಿಎಸ್ (ದೀರ್ಘಾವಧಿ) ಆವೃತ್ತಿಗೆ 5 ವರ್ಷ ಅಪ್‌ಡೇಟ್ ಕೊಡುತ್ತದಲ್ಲ, ಅದನ್ನೂ ನಾವು ಬೆಂಬಲ ಅಂತಲೇ ಕರೆಯುತ್ತೇವೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ (ಇದೂ ಲಿನಕ್ಸೇ) ಹಳೇ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೇ ಇಲ್ಲ. ‘ಡೆಬಿಯನ್ ಬೆಂಬಲ ಹಿಂತೆಗೆದುಕೊಂಡಿದೆ’ ಅಂತ ಬರೆದು ನೋಡಿದೆ. ಸರ್ಕಾರ ಬಿದ್ದ ಸುದ್ದಿ ಓದಿದ ಹಾಗಿತ್ತು!

ನಿಜವಾದ ತೊಡಕು ಬೇರೆ ಇದೆ. ಒಂದು ಸಾಧನ ಕೆಲಸ ಮಾಡೋದಕ್ಕೆ ಮುಂಚೆ ಕೆಲವು ಹಂತ ದಾಟಬೇಕು. ಅಷ್ಟಕ್ಕೂ ಒಂದೇ ಪದ ಬಳಸಿದರೆ ಯಾವ ಹಂತದಲ್ಲಿ ನಿಂತಿದೆ ಅಂತ ಗೊತ್ತಾಗಲ್ಲ.

ಬಿಎಸ್‌ಡಿಗಳಲ್ಲಿ ಒಂದಾದ ಫ್ರೀಬಿಎಸ್‌ಡಿಯನ್ನೇ ನೋಡಿ. ಅಲ್ಲಿ ‘ಪಿಸಿಐಕಾನ್ಫ್’ ಕಮಾಂಡ್ ಕೊಟ್ಟರೆ ಒಂದೊಂದು ಸಾಧನಕ್ಕೂ ಒಂದು ಸಾಲು ಬರುತ್ತದೆ. ಡ್ರೈವರ್ ಸಿಕ್ಕಿದ್ದರೆ ಸಾಲಿನ ಮೊದಲಿಗೆ ಡ್ರೈವರಿನ ಹೆಸರೇ ಇರುತ್ತದೆ. ಇಂಟೆಲ್ ನೆಟ್‌ವರ್ಕ್ ಕಾರ್ಡ್ ಆದರೆ ‘ಇಎಂ0’, ರಿಯಲ್‌ಟೆಕ್ ಆದರೆ ‘ಆರ್‌ಇ0’. ಡ್ರೈವರ್ ಸಿಗದಿದ್ದರೆ ‘ನನ್‌0’, ಅಂದರೆ ಯಾರೂ ಇಲ್ಲ. ಮಜಾ ಏನೆಂದರೆ, ವಿವರ ಕೇಳಿದರೆ ಅದರ ಕೆಳಗೇ ‘ಬ್ರಾಡ್‌ಕಾಮ್’ ಅಂತ ತಯಾರಕರ ಹೆಸರು ಸರಿಯಾಗಿ ಬಂದಿರುತ್ತದೆ. ಪಿಸಿಐ (ಕಂಪ್ಯೂಟರಿನೊಳಗೆ ಕಾರ್ಡುಗಳನ್ನು ಜೋಡಿಸುವ ವ್ಯವಸ್ಥೆ) ಸಾಧನಗಳಲ್ಲಿ ತಯಾರಕರ ಸಂಖ್ಯೆ ಇರುತ್ತದೆ. ಇಂಟೆಲ್‌ದು 8086, ಬ್ರಾಡ್‌ಕಾಮ್‌ದು 14ಇ4. ಆ ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿ ಹೆಸರು ಹೇಳುತ್ತದೆ, ಅಷ್ಟೆ. ಹೆಸರು ಗೊತ್ತು, ಮಾತಾಡಿಸೋಕೆ ಬರಲ್ಲ. ಇದನ್ನು ‘ಗುರುತು ಹಿಡಿದಿದೆ’ ಅಂದರೆ ಸುಳ್ಳಲ್ಲ, ಆದರೆ ಓದಿದವರು ವೈಫೈ ನಡೆಯುತ್ತದೆ ಅಂತ ನಂಬಿಬಿಡುತ್ತಾರೆ.

ಡ್ರೈವರ್ ಇದ್ದು ಫರ್ಮ್‌ವೇರ್ (ಸಾಧನದ ಒಳಗೇ ಓಡುವ ತಂತ್ರಾಂಶ) ಇಲ್ಲದಿರುವುದು ಇನ್ನೊಂದು ಬಗೆ. ಇನ್ನೊಂದು ಬಿಎಸ್‌ಡಿಯಾದ ಓಪನ್‌ಬಿಎಸ್‌ಡಿಯಲ್ಲಿ ಇಂಟೆಲ್ ವೈಫೈ ಕಾರ್ಡಿಗೆ ಡ್ರೈವರ್ ಇದೆ. ಅದಕ್ಕೆ ಬೇಕಾದ ಫರ್ಮ್‌ವೇರನ್ನು ಲೈಸೆನ್ಸ್ ಕಾರಣಕ್ಕೆ ಜೊತೆಯಲ್ಲಿ ಕೊಡುವುದಿಲ್ಲ, ನೆಟ್‌ನಿಂದ ಇಳಿಸಿಕೊಳ್ಳಬೇಕು. ವೈಫೈ ಬಿಟ್ಟು ಬೇರೆ ದಾರಿ ಇಲ್ಲದ ಲ್ಯಾಪ್‌ಟಾಪಿನಲ್ಲಿ ಏನು ಮಾಡೋದು? ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಕೊನೆಗೆ ಕೇಬಲ್ಲೋ, ಯುಎಸ್‌ಬಿಯಲ್ಲಿ ಫೋನೋ ಚುಚ್ಚಬೇಕು. ಡೆಬಿಯನ್ನಿನಲ್ಲೂ ಇದೇ ಪಾಡಿತ್ತು. 2023ರ ಡೆಬಿಯನ್ 12ರಿಂದ ಫರ್ಮ್‌ವೇರನ್ನು ಇನ್‌ಸ್ಟಾಲರ್ ಜೊತೆಗೇ ಕೊಡುತ್ತಿದ್ದಾರೆ.

ಇನ್ನು ಪದಗಳ ವಿಚಾರ. ‘ಹೊಂದಾಣಿಕೆ’ ನನಗೆ ಅಷ್ಟು ಹಿಡಿಸಲಿಲ್ಲ. ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗಬೇಕು ಅನ್ನೋ ದನಿ ಅದರಲ್ಲಿದೆ. ಇಲ್ಲಿ ಕಾರ್ಡು ಬಗ್ಗಲ್ಲ, ಡ್ರೈವರ್ ಬರೆಯುವವರೇ ಬಗ್ಗಬೇಕು. ಅಂಗಡಿಗಳಲ್ಲಿ ‘ವೈಫೈ ಹಿಡೀತಿಲ್ಲ’ ಅನ್ನುತ್ತಾರೆ. ಮಾತೇನೋ ಚೆನ್ನಾಗಿದೆ, ಆದರೆ ಸಿಗ್ನಲ್ ಸಿಗದಿದ್ದರೂ ಅದನ್ನೇ ಅನ್ನುತ್ತಾರೆ.

ನನ್ನ ಒಲವು ‘ಒಗ್ಗು’ ಕಡೆಗೆ. ‘ಆ ಊರಿನ ನೀರು ನನಗೆ ಒಗ್ಗಲ್ಲ’ ಅನ್ನುತ್ತೇವಲ್ಲ, ಹಾಗೇ ‘ಓಪನ್‌ಬಿಎಸ್‌ಡಿಗೆ ಈ ಕಾರ್ಡ್ ಒಗ್ಗುತ್ತದೆ’. ಯಾರಿಗೆ ಏನು ಒಗ್ಗಬೇಕು ಅನ್ನೋದು ವಾಕ್ಯದಲ್ಲೇ ಇದೆ. ಒಂದೇ ಅನುಮಾನ: ‘ಒಗ್ಗಿಕೊಳ್ಳು’ ಅಂದಾಗ ದಿನ ಕಳೆದಂತೆ ತಾನಾಗಿ ಸರಿಹೋಗುತ್ತದೆ ಅನ್ನೋ ಅರ್ಥವೂ ಸೇರಿಕೊಳ್ಳುತ್ತದೆ. ಇಲ್ಲಿ ಎಷ್ಟು ದಿನ ಕಾದರೂ, ಹೊಸ ಡ್ರೈವರ್ ಬರದೆ ಏನೂ ಆಗಲ್ಲ.

ಸದ್ಯಕ್ಕೆ ಹೀಗೆ ಬರೆದುಕೊಂಡಿದ್ದೇನೆ. ಪಟ್ಟಿಯಲ್ಲಿ ಬಂದರೆ ‘ಕಾಣಿಸುತ್ತದೆ’. ಡ್ರೈವರ್ ಸಿಕ್ಕರೆ ‘ಡ್ರೈವರ್ ಕೂತಿದೆ’. ಪೂರ್ತಿ ಕೆಲಸ ಮಾಡಿದರೆ ‘ಒಗ್ಗುತ್ತದೆ’. ‘ಬೆಂಬಲ’ವನ್ನು ಅಪ್‌ಡೇಟು, ದುರಸ್ತಿಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಬಗೆಹರಿಯದೆ ಉಳಿದಿರುವುದು ಒಂದು. ಕೆಲವು ಲ್ಯಾಪ್‌ಟಾಪುಗಳಲ್ಲಿ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಡಿಸ್ಕ್ ‘ರೇಡ್’ ಅನ್ನೋ ವಿಧಾನದಲ್ಲಿರುತ್ತದೆ, ಲಿನಕ್ಸ್ ಇನ್‌ಸ್ಟಾಲರಿಗೆ ಡಿಸ್ಕೇ ಕಾಣಲ್ಲ. ‘ಎಎಚ್‌ಸಿಐ’ ಅನ್ನೋ ಸಾಮಾನ್ಯ ವಿಧಾನಕ್ಕೆ ಬದಲಿಸಿದರೆ ಕಾಣುತ್ತದೆ. (ವಿಂಡೋಸ್ ಇರುವವರು ಸುಮ್ನೆ ಬದಲಿಸಬೇಡಿ, ಅದು ಬೂಟ್ ಆಗದೆ ಹೋಗಬಹುದು.) ಇಲ್ಲಿ ಡಿಸ್ಕೂ ಸರಿ ಇದೆ, ಡ್ರೈವರೂ ಇದೆ, ನಡುವಿನ ಸೆಟ್ಟಿಂಗ್ ತಡೆದಿದೆ. ಇದಕ್ಕೆ ‘ಒಗ್ಗಲ್ಲ’ ಅಂದರೆ ತಪ್ಪಾಗುತ್ತದೆ, ಅಲ್ವಾ? ‘ಮರೆಯಾಗಿದೆ’ ಅನ್ನಬಹುದಾ? ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನ ರಿಪೇರಿ ಅಂಗಡಿಗಳಲ್ಲಿ ಇದಕ್ಕೆ ಏನನ್ನುತ್ತಾರೆ? ಗೊತ್ತಿದ್ದವರು ಅವರ ಮಾತಿನಲ್ಲೇ ಬರೆದು ತಿಳಿಸಿ.